ಎಕಿನೇಷಿಯಾ: ಔಷಧಿ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತು ನನಗೆ ಇಪ್ಪತ್ತು ವರ್ಷದ ಮೇಲಾಯಿತು. ಮೊದಲೆಲ್ಲ ನೆಗಡಿ ಬಂದರೆ ಜನ ಕೇಳುತ್ತಿದ್ದದ್ದು ಮೂಗಿಗೆ ಹಚ್ಚುವ ಬಾಮು, ಶುಂಠಿ ಗುಳಿಗೆ, ಕೆಮ್ಮಿನ ಸಿರಪ್ಪು. ಕೋವಿಡ್ ಬಂದು ಹೋದ ಮೇಲೆ ಮೊಬೈಲ್‌ನಲ್ಲಿ ಫೋಟೋ ತೋರಿಸಿ, ‘ಈ ಎಕಿನೇಷಿಯಾ ಇದೆಯಾ ಮೇಡಂ?’ ಅನ್ನುವವರು ಶುರುವಾದರು. ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಹಳೇ ಗಿರಾಕಿಗಳು ಫೋನ್ ಮಾಡಿ ಕೇಳುತ್ತಾರೆ. ಕೆಲವರು ಚೀಟಿಯಲ್ಲಿ ಬರೆದುಕೊಂಡು ಬರುತ್ತಾರೆ. ಕೌಂಟರ್ ಮುಂದೆ ನಾಲ್ಕು ಜನ ಕಾಯುತ್ತಿರುವಾಗ ಎಲ್ಲರಿಗೂ ಪೂರ್ತಿ ಹೇಳಲು ಆಗುವುದಿಲ್ಲ. ಹಾಗಾಗಿ ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟು ಉತ್ತರ ಬರೆದಿದ್ದೇನೆ.

## ಗಿಡದ ಪರಿಚಯ

ಎಕಿನೇಷಿಯಾ ಅಂದ್ರೆ ಏನ್ರೀ? ನಮ್ಮ ಕಡೆ ಬೆಳೆಯೋ ಗಿಡಾನಾ?

ಅಲ್ಲ. ಇದರ ತವರು ಉತ್ತರ ಅಮೆರಿಕ. ಅಲ್ಲಿನ ಬಯಲು ಹುಲ್ಲುಗಾವಲಿನ ಗಿಡ. ಸೂರ್ಯಕಾಂತಿ, ಸೇವಂತಿಗೆ, ಚೆಂಡು ಹೂವಿನ ಕುಟುಂಬಕ್ಕೇ ಸೇರಿದ್ದು. ತಿಳಿ ನೇರಳೆ ಬಣ್ಣದ ಎಸಳು ಕೆಳಗೆ ಜೋತಿರುತ್ತವೆ. ನಡುವೆ ಕಂದು ಬಣ್ಣದ ಮುಳ್ಳುಮುಳ್ಳಾದ ಗುಬ್ಬಿ ಎದ್ದಿರುತ್ತದೆ. ಮುಳ್ಳುಹಂದಿಗೆ ಗ್ರೀಕ್ ಭಾಷೆಯಲ್ಲಿರುವ ಹೆಸರಿನಿಂದಲೇ ಗಿಡಕ್ಕೆ ಎಕಿನೇಷಿಯಾ ಅಂತ ಹೆಸರು ಬಂತು.

ಇದರಲ್ಲಿ ಹಲವು ಜಾತಿಗಳಿವೆ. ಔಷಧಿಗೆ ಬಳಸುವುದು ಮುಖ್ಯವಾಗಿ ಮೂರು: ಪರ್ಪ್ಯೂರಿಯಾ, ಅಂಗುಸ್ಟಿಫೋಲಿಯಾ, ಪ್ಯಾಲಿಡಾ. ಈ ಮೂರು ಹೆಸರು ನೆನಪಿಟ್ಟುಕೊಳ್ಳಿ. ಡಬ್ಬಿಯ ಲೇಬಲ್ ಓದುವಾಗ ಬೇಕಾಗುತ್ತವೆ.

ಆಯುರ್ವೇದದಲ್ಲಿ ಇದಕ್ಕೆ ಏನಂತಾರೆ?

ಹಳೆಯ ಆಯುರ್ವೇದ ಗ್ರಂಥಗಳಲ್ಲಿ ಈ ಗಿಡ ಇಲ್ಲ. ಬೇರೆ ಖಂಡದ ಗಿಡ, ಇರುವುದು ಸಾಧ್ಯವೂ ಇಲ್ಲ ಅಲ್ವಾ? ‘ಪುರಾತನ ಭಾರತೀಯ ಮೂಲಿಕೆ’ ಅಂತ ಯಾರಾದರೂ ಮಾರಿದರೆ ಆ ಡಬ್ಬಿಯ ಉಳಿದ ಮಾತುಗಳನ್ನೂ ನಂಬಬೇಡಿ.

ಅಲ್ಲಿನವರು ಹಾವು ಕಚ್ಚಿದ್ರೂ ಇದನ್ನೇ ಕೊಡ್ತಿದ್ರಂತೆ, ಹೌದಾ?

ಕೊಡುತ್ತಿದ್ದರು. ಅಮೆರಿಕದ ಮೂಲನಿವಾಸಿಗಳು ಇದರ ಬೇರನ್ನು ಹಲ್ಲುನೋವು, ಗಂಟಲುನೋವು, ಗಾಯ, ವಿಷದ ಕಡಿತ ಎಲ್ಲಕ್ಕೂ ಬಳಸುತ್ತಿದ್ದರು. ಅವರಿಂದ ಅದು ಬಿಳಿಯರಿಗೆ ಬಂತು. ನೆಬ್ರಾಸ್ಕಾದಲ್ಲಿ ಮೇಯರ್ ಎಂಬುವನು 19ನೇ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ‘ರಕ್ತ ಶುದ್ಧಿ’ ಔಷಧಿ ಅಂತ ಮಾರುತ್ತಿದ್ದ. ಅವನ ನಂಬಿಕೆ ಎಷ್ಟಿತ್ತೆಂದರೆ, ವೈದ್ಯರ ಮುಂದೆಯೇ ವಿಷದ ಹಾವಿನಿಂದ ಕಚ್ಚಿಸಿಕೊಂಡು ಗುಣವಾಗಿ ತೋರಿಸುತ್ತೇನೆ ಅಂದಿದ್ದ. ಅವರು ಬೇಡ ಅಂದರು. ಒಳ್ಳೆಯದೇ ಆಯಿತು.

ನಮ್ಮ ಹೊಲಗಳಲ್ಲಿ ನಾಗರಹಾವು, ಕೊಳಕುಮಂಡಲ ಎರಡೂ ಇವೆ. ಆದ್ದರಿಂದ ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಹಾವಿನ ವಿಷಕ್ಕೆ ಎಕಿನೇಷಿಯಾ ಔಷಧಿ ಅಲ್ಲ. ಬೇರೆ ಯಾವ ಬೇರೂ, ಸೊಪ್ಪೂ ಅಲ್ಲ. ವಿಷಕ್ಕೆ ಪ್ರತಿವಿಷದ ಇಂಜೆಕ್ಷನ್ ಒಂದೇ ಮದ್ದು. ಕಡಿದ ಜಾಗ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಬಾಯಿಂದ ಹೀರಬೇಡಿ. ಕಚ್ಚಿಸಿಕೊಂಡವರ ಕೈಕಾಲು ಅಲ್ಲಾಡಿಸದೆ ತಕ್ಷಣ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹನಿ ನಾಲಿಗೆ ಮೇಲೆ ಬಿಟ್ರೆ ಜುಮ್ ಅನ್ನುತ್ತೆ. ಕಲಬೆರಕೆನಾ?

ಕಲಬೆರಕೆ ಅಂತ ಹೆದರಬೇಕಿಲ್ಲ. ಈ ಗಿಡದಲ್ಲಿ ಆಲ್ಕಮೈಡ್ ಅನ್ನುವ ಅಂಶಗಳಿವೆ. ಅವು ನಾಲಿಗೆಯನ್ನು ಸ್ವಲ್ಪ ಹೊತ್ತು ಜುಮ್ಮೆನಿಸಿ ಮರಗಟ್ಟಿಸುತ್ತವೆ. ಗಂಧಿಗೆ ಅಂಗಡಿಯಲ್ಲಿ ಸಿಗುವ ಅಕ್ಕಲಕರೆ ಬೇರನ್ನು ಅಗಿದವರಿಗೆ ಈ ಜುಮ್ಮು ಗೊತ್ತಿರುತ್ತದೆ. ಅದೂ ಇದೇ ಕುಟುಂಬದ ಗಿಡ, ಅದರಲ್ಲೂ ಇಂಥದ್ದೇ ಅಂಶಗಳಿವೆ. ಹಲ್ಲುನೋವಿಗೆ ಅಲ್ಲಿನವರು ಎಕಿನೇಷಿಯಾ ಬೇರನ್ನು, ನಮ್ಮವರು ಅಕ್ಕಲಕರೆಯನ್ನು ಅಗಿದಿದ್ದಕ್ಕೆ ಕಾರಣ ಒಂದೇ.

ಆದರೆ ತುಟಿ ಊದಿದರೆ, ಗಂಟಲು ಬಿಗಿದರೆ ಅದು ಜುಮ್ಮು ಅಲ್ಲ, ಅಲರ್ಜಿ. ಆಗ ಬಾಟಲಿ ಪಕ್ಕಕ್ಕಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.

## ಏನಕ್ಕೆ ಉಪಯೋಗ, ಏನಕ್ಕೆ ಅಲ್ಲ

ನೆಗಡಿ ಶುರುವಾದ ತಕ್ಷಣ ತಗೊಂಡ್ರೆ ಬೇಗ ಹೋಗುತ್ತಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಹೋದರೂ ಹೋಗಬಹುದು, ಆದರೆ ವ್ಯತ್ಯಾಸ ತೀರಾ ಚಿಕ್ಕದು. ಬಹಳ ಜನರಿಗೆ ಗೊತ್ತೇ ಆಗುವುದಿಲ್ಲ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹೊಸದಾಗಿ ನೆಗಡಿ ಬಂದ 719 ಜನರ ಮೇಲೆ ಒಂದು ಪರೀಕ್ಷೆ ನಡೆಯಿತು. 2010ರಲ್ಲಿ ಪ್ರಕಟವಾಯಿತು. ಎಕಿನೇಷಿಯಾ ತೆಗೆದುಕೊಂಡವರ ನೆಗಡಿ ಸುಮಾರು ಅರ್ಧ ದಿನ ಮೊದಲು ಇಳಿದಂತೆ ಕಂಡಿತು. ಒಂದು ವಾರದ ನೆಗಡಿಯಲ್ಲಿ ಅರ್ಧ ದಿನ. ಅದೂ ಆಕಸ್ಮಿಕ ಇರಬಹುದು, ಲೆಕ್ಕದಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ ಅಂತ ಸಂಶೋಧಕರೇ ಹೇಳಿದರು. ಇನ್ನೊಂದು ಪರೀಕ್ಷೆ 2005ರಲ್ಲಿ ಪ್ರಕಟವಾದದ್ದು. ಅದರಲ್ಲಿ ಸುಮಾರು 400 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಹಾಕಿ ನೋಡಿದರು. ಅಂಗುಸ್ಟಿಫೋಲಿಯಾ ಬೇರಿನ ಸಾರದಿಂದ ಯಾವ ಪ್ರಯೋಜನವೂ ಕಾಣಲಿಲ್ಲ.

ಔಷಧಿಗಳ ಸಾಕ್ಷ್ಯವನ್ನು ಒಟ್ಟು ಹಾಕಿ ತೂಗುವ ಕಾಕ್ರೇನ್ ಅನ್ನುವ ಸಂಸ್ಥೆ ಇದೆ. 2014ರಲ್ಲಿ ಅದು 24 ಪರೀಕ್ಷೆಗಳನ್ನು, ಅವುಗಳಲ್ಲಿದ್ದ 4,631 ಜನರ ಫಲಿತಾಂಶವನ್ನು ಒಟ್ಟಿಗೆ ನೋಡಿತು. ನೆಗಡಿ ವಾಸಿ ಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಕೆಲವು ತಯಾರಿಕೆಗಳಲ್ಲಿ ಸಣ್ಣ ಪ್ರಯೋಜನ ಇರಬಹುದು ಅಷ್ಟೇ.

ಹಾಗಾಗಿ ಗಿರಾಕಿಗಳಿಗೆ ನಾನು ಹೇಳುವುದು ಇಷ್ಟೇ. ಆರೋಗ್ಯವಂತ ದೊಡ್ಡವರಾಗಿದ್ದರೆ, ಅಲರ್ಜಿ ಇಲ್ಲದಿದ್ದರೆ, ದುಡ್ಡು ಭಾರವಲ್ಲದಿದ್ದರೆ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಐನೂರು, ಆರುನೂರು ರೂಪಾಯಿ ಎಣಿಸಿ ಕೊಡುವಾಗ ಕೈ ನಡುಗುವವರಿಗೆ ನಾನೇ ಬೇಡ ಅನ್ನುತ್ತೇನೆ. ಬಿಸಿನೀರಿನ ಹಬೆ, ಉಪ್ಪುನೀರಿನ ಗಂಟಲು ಮುಕ್ಕಳಿಕೆ, ಮೆಣಸಿನ ಸಾರು, ಎರಡು ದಿನ ವಿಶ್ರಾಂತಿ ಸಾಕು. ನೆಗಡಿ ತಾನಾಗಿಯೇ ಹೋಗುತ್ತದೆ.

ದಿನಾ ತಗೊಂಡ್ರೆ ನೆಗಡೀನೇ ಬರಲ್ವಾ?

ತಡೆಯುವ ವಿಷಯದಲ್ಲಿ ಸಾಕ್ಷ್ಯ ಸ್ವಲ್ಪ ವಾಸಿ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 755 ಜನರಿಗೆ ನಾಲ್ಕು ತಿಂಗಳು ಪರ್ಪ್ಯೂರಿಯಾ ಸಾರ ಅಥವಾ ಅದರಂತೆ ಕಾಣುವ ಖಾಲಿ ಔಷಧಿ ಕೊಟ್ಟರು. ಔಷಧಿ ತೆಗೆದುಕೊಂಡ ಗುಂಪಿನಲ್ಲಿ 149 ಸಲ ನೆಗಡಿ ಬಂತು, ಇನ್ನೊಂದರಲ್ಲಿ 188 ಸಲ. 2012ರ ಈ ಪರೀಕ್ಷೆಗೆ ಔಷಧಿ ತಯಾರಿಸುವ ಕಂಪನಿಯ ನೆರವಿತ್ತು ಅನ್ನುವುದನ್ನೂ ಹೇಳಬೇಕು.

ಈಗ ಇದನ್ನು ನಮ್ಮ ಮನೆಗೆ ಇಳಿಸಿ ನೋಡಿ. ವರ್ಷಕ್ಕೆ ಎರಡು ಸಲ ನೆಗಡಿ ಬರುವವರು ನಾಲ್ಕು ತಿಂಗಳು ದಿನಾ ಔಷಧಿ ಕುಡಿಯಬೇಕು. ಅಷ್ಟು ಮಾಡಿದರೂ ಆ ಎರಡರಲ್ಲಿ ಒಂದು ತಪ್ಪುವ ಖಾತ್ರಿ ಇಲ್ಲ. ನನ್ನ ಮನೆಯವರಿಗಂತೂ ನಾನು ಕೊಡುವುದಿಲ್ಲ.

ಡಬ್ಬಿ ಮೇಲೆ ‘ಇಮ್ಯುನಿಟಿ ಬೂಸ್ಟರ್’ ಅಂತ ಬರೆದಿದ್ದಾರಲ್ಲ, ಸುಳ್ಳಾ?

ಪ್ರಯೋಗಾಲಯದಲ್ಲಿ ಎಕಿನೇಷಿಯಾ ಸಾರ ಹಾಕಿದಾಗ ರೋಗ ನಿರೋಧಕ ಜೀವಕೋಶಗಳು ಚುರುಕಾಗಿದ್ದು ನಿಜ. ಕೆಲವು ಅಂಶಗಳು ಉರಿಯೂತವನ್ನು ತಗ್ಗಿಸಿದ್ದೂ ಉಂಟು. ಆದರೆ ಗಾಜಿನ ತಟ್ಟೆಯಲ್ಲಿ ಕಂಡಿದ್ದೆಲ್ಲ ಮನುಷ್ಯನ ಮೈಯಲ್ಲಿ ಆಗುವುದಿಲ್ಲ.

ಇನ್ನೊಂದು ಮಾತು. ರೋಗ ನಿರೋಧಕ ಶಕ್ತಿ ಅನ್ನುವುದು ತೊಟ್ಟಿಯಲ್ಲಿರುವ ನೀರಿನ ಹಾಗೆ, ಜಾಸ್ತಿ ತುಂಬಿದಷ್ಟೂ ಒಳ್ಳೆಯದು ಅಂತ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಅಲರ್ಜಿ, ಆಸ್ತಮಾ, ಕೀಲುಗಳನ್ನು ತಿನ್ನುವ ಸಂಧಿವಾತ ಇವೆಲ್ಲ ಆ ಶಕ್ತಿ ತಪ್ಪು ಜಾಗದಲ್ಲಿ ಜಾಸ್ತಿ ಕೆಲಸ ಮಾಡಿದ್ದರಿಂದ ಆಗುವ ತೊಂದರೆಗಳೇ. ಕೋವಿಡ್‌ಗೂ ಇದನ್ನು ಮಾರಿದರು. ಕೋವಿಡ್ ವಾಸಿ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ.

ಮಗನಿಗೆ ಡೆಂಗಿ ಅಂತ ಹೇಳಿದ್ದಾರೆ. ಪ್ಲೇಟ್ಲೆಟ್ ಏರೋಕೆ ಇದನ್ನ ಕೊಡ್ಲಾ?

ಬೇಡ. ದಯವಿಟ್ಟು ಬೇಡ. ಡೆಂಗಿಗೆ ಎಕಿನೇಷಿಯಾದಿಂದ ಪ್ರಯೋಜನ ಇದೆ ಅನ್ನುವ ಆಧಾರ ಇಲ್ಲ. ಮಳೆಗಾಲದಲ್ಲಿ ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಹೊಸ ಗಿಡಮೂಲಿಕೆ ಶುರು ಮಾಡಿ ಮೈಮೇಲೆ ಗುಳ್ಳೆ ಎದ್ದರೆ ಅದು ಡೆಂಗಿಯದೋ, ಅಲರ್ಜಿಯದೋ ಅಂತ ಡಾಕ್ಟರಿಗೂ ಗೊಂದಲ.

ಜ್ವರಕ್ಕೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಥರದ ನೋವಿನ ಮಾತ್ರೆ ಬೇಡ, ರಕ್ತಸ್ರಾವ ಜಾಸ್ತಿಯಾಗಬಹುದು. ನೀರು, ಓಆರ್‌ಎಸ್, ಎಳನೀರು, ಗಂಜಿ ಕುಡಿಸುತ್ತಿರಿ. ಹೊಟ್ಟೆ ತುಂಬಾ ನೋಯುವುದು, ಮತ್ತೆ ಮತ್ತೆ ವಾಂತಿ, ವಸಡಲ್ಲಿ ರಕ್ತ, ಮಂಪರು, ಕೈಕಾಲು ತಣ್ಣಗಾಗುವುದು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಜ್ವರ ಇಳಿದ ಮೇಲೆಯೇ ಅಪಾಯ ಜಾಸ್ತಿ. ‘ಜ್ವರ ಬಿಡ್ತು, ಮನೆಗೆ ಕರ್ಕೊಂಡು ಹೋಗೋಣ’ ಅನ್ನುವ ಆತುರ ಬೇಡ.

ನಲ್ಲಿ ನೀರು ದಿನಾ ಬರದ ಬಡಾವಣೆಗಳಲ್ಲಿ ಡ್ರಮ್ಮು, ತೊಟ್ಟಿಗಳಲ್ಲಿ ನೀರು ಹಿಡಿದಿಡುತ್ತೇವೆ. ಡೆಂಗಿ ಸೊಳ್ಳೆ ಹುಟ್ಟುವುದೇ ಅಲ್ಲಿ. ವಾರಕ್ಕೊಮ್ಮೆ ತಿಕ್ಕಿ ತೊಳೆದು ಮುಚ್ಚಳ ಹಾಕಿದರೆ ಯಾವ ಡಬ್ಬಿಗಿಂತಲೂ ಜಾಸ್ತಿ ಕೆಲಸವಾಗುತ್ತದೆ.

ಮಂಡಕ್ಕಿ ಭಟ್ಟೀಲಿ ಕೆಲಸ ಅಕ್ಕಾ. ವರ್ಷಪೂರ್ತಿ ನೆಗಡಿ, ಕೆಮ್ಮು. ಇದು ಹಿಡಿಯುತ್ತಾ?

ಇದನ್ನು ಕೇಳಿದ ತಮ್ಮನ ಮುಖ ನನಗೆ ಇನ್ನೂ ನೆನಪಿದೆ. ವರ್ಷಪೂರ್ತಿ ಇರುವುದು ವೈರಸ್ ನೆಗಡಿ ಅಲ್ಲ. ಭಟ್ಟಿಯ ಹೊಗೆ, ಬೂದಿ, ಹೊಟ್ಟಿನ ಧೂಳು ಮೂಗನ್ನು, ಶ್ವಾಸಕೋಶವನ್ನು ಕೆರಳಿಸುತ್ತಿವೆ. ಗಣಿ, ಕಲ್ಲು ಕ್ರಷರ್ ಕೆಲಸದವರಿಗೆ, ಮೆಕ್ಕೆಜೋಳ ಒಕ್ಕಣೆ ಮಾಡುವವರಿಗೆ ಧೂಳಿನದೂ ಇದೇ ಕಥೆ. ಎಕಿನೇಷಿಯಾ ಹೊಗೆಯನ್ನು ತಡೆಯುವುದಿಲ್ಲ. ಮೂಗು, ಬಾಯಿಗೆ ಸರಿಯಾಗಿ ಕೂರುವ ಮಾಸ್ಕ್ ಹಾಕಿ. ಶ್ವಾಸಕೋಶದ ಡಾಕ್ಟರ ಹತ್ತಿರ ಊದಿಸಿ ನೋಡುವ ಪರೀಕ್ಷೆ ಮಾಡಿಸಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿದರೆ ಖರ್ಚೂ ಕಡಿಮೆ. ಬೀಡಿ ಸೇದುತ್ತಿದ್ದರೆ ಮೊದಲು ಅದನ್ನು ಬಿಡಿ.

ಗಾಯಕ್ಕೆ, ಮೊಡವೆಗೆ ಹಚ್ಚಬಹುದಾ?

ಯುರೋಪಿನಲ್ಲಿ ಸಣ್ಣಪುಟ್ಟ ಗಾಯಕ್ಕೆ ಹಚ್ಚುವ ಎಕಿನೇಷಿಯಾ ಮುಲಾಮು ಪರಂಪರೆಯಿಂದ ಬಳಕೆಯಲ್ಲಿದೆ. ದೊಡ್ಡ ಆಧಾರ ಏನಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ಮಾತ್ರ ಇಂಥ ಪ್ರಯೋಗ ಬೇಡ, ನೇರ ಡಾಕ್ಟರಿಗೆ ತೋರಿಸಿ.

## ತೆಗೆದುಕೊಳ್ಳುವ ರೀತಿ

ಹನಿ, ಮಾತ್ರೆ, ಟೀ ಪುಡಿ ಎಲ್ಲಾ ಇದೆ. ಯಾವುದು ತಗೊಳ್ಳಲಿ?

ಒಂದೇ ಹೆಸರಿದ್ದರೂ ಇವೆಲ್ಲ ಬೇರೆ ಬೇರೆ ಔಷಧಿಗಳೇ ಅಂತ ತಿಳಿಯಿರಿ. ಕೆಲವನ್ನು ಹಸಿ ಗಿಡ ಹಿಂಡಿದ ರಸದಿಂದ ಮಾಡುತ್ತಾರೆ, ಕೆಲವನ್ನು ಒಣ ಬೇರಿನಿಂದ. ಜುಮ್ಮೆನಿಸುವ ಆಲ್ಕಮೈಡ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಆಲ್ಕೋಹಾಲಿನಲ್ಲಿ ಕರಗುತ್ತದೆ. ಹಾಗಾಗಿ ಟೀಯಲ್ಲಿ ಅದು ಕಡಿಮೆ. ಚಿಕೋರಿಕ್ ಆಮ್ಲ ಅನ್ನುವ ಇನ್ನೊಂದು ಅಂಶ ಒಣಗಿಸುವಾಗ, ಇಟ್ಟಾಗ ಕೆಡುತ್ತಾ ಹೋಗುತ್ತದೆ.

ಪರೀಕ್ಷೆಗಳ ಫಲಿತಾಂಶ ಒಂದಕ್ಕೊಂದು ಹೊಂದದೆ ಇರುವುದಕ್ಕೂ ಇದೇ ದೊಡ್ಡ ಕಾರಣ. ಒಬ್ಬರು ಪರ್ಪ್ಯೂರಿಯಾ ರಸ ಕೊಟ್ಟರು, ಇನ್ನೊಬ್ಬರು ಅಂಗುಸ್ಟಿಫೋಲಿಯಾ ಬೇರು ಕೊಟ್ಟರು. ಎರಡಕ್ಕೂ ಪತ್ರಿಕೆಯಲ್ಲಿ ‘ಎಕಿನೇಷಿಯಾ’ ಅಂತಲೇ ಬಂತು. ‘ಪಕ್ಕದ ಮನೆಯವರಿಗೆ ಕೆಲಸ ಮಾಡ್ತು, ನನಗೆ ಯಾಕಿಲ್ಲ’ ಅನ್ನುವವರು ಮೊದಲು ಎರಡು ಡಬ್ಬಿಯನ್ನೂ ಅಕ್ಕಪಕ್ಕ ಇಟ್ಟು ಓದಬೇಕು.

ತೆಗೆದುಕೊಳ್ಳಲೇಬೇಕು ಅನ್ನುವವರಿಗೆ ಪರ್ಪ್ಯೂರಿಯಾದ ಎಲೆ, ಹೂವಿನ ಭಾಗದಿಂದ ಮಾಡಿದ್ದನ್ನು ನೋಡಿ ಅನ್ನುತ್ತೇನೆ. ಅದರ ಮೇಲೆ ಪರೀಕ್ಷೆಗಳು ಜಾಸ್ತಿ ನಡೆದಿವೆ. ಪ್ರಮಾಣ ಡಬ್ಬಿಯ ಮೇಲಿನದ್ದೇ. ಒಂದು ಕಂಪನಿಯ ಲೆಕ್ಕ ಇನ್ನೊಂದಕ್ಕೆ ಹಾಕಬೇಡಿ.

ಹೋಮಿಯೋಪಥಿ ಅಂಗಡೀಲಿ ‘ಎಕಿನೇಷಿಯಾ ಕ್ಯೂ’ ಅಂತ ಕೊಟ್ರು. ಅದೂ ಇದೇನಾ?

‘ಕ್ಯೂ’ ಅಂದರೆ ಮದರ್ ಟಿಂಚರ್. ಗಿಡವನ್ನು ಆಲ್ಕೋಹಾಲಿನಲ್ಲಿ ನೆನೆಸಿ ತೆಗೆದ ಸಾರ. ಅದರಲ್ಲಿ ಗಿಡದ ಅಂಶ ನಿಜವಾಗಿಯೂ ಇರುತ್ತದೆ. ಹಾಗಾಗಿ ಕೆಳಗೆ ಹೇಳಿರುವ ಎಚ್ಚರಿಕೆಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ. ‘ಹೋಮಿಯೋಪಥಿ ಅಲ್ವಾ, ಸೈಡ್ ಎಫೆಕ್ಟ್ ಇಲ್ಲ’ ಅಂತ ಸುಮ್ನೆ ಕುಡಿಯುವುದು ತಪ್ಪು. ‘30’, ‘200’ ಅಂತ ಬರೆದ ಸಕ್ಕರೆ ಗುಳಿಗೆಗಳು ಬೇರೆ. ಅವನ್ನು ಎಷ್ಟು ತೆಳು ಮಾಡಿರುತ್ತಾರೆ ಅಂದರೆ ಗಿಡದ ಅಂಶ ಉಳಿದಿರುವುದಿಲ್ಲ.

ಟಿಂಚರ್‌ನಲ್ಲಿ ಆಲ್ಕೋಹಾಲ್ ಇದೆ ಅನ್ನುವುದನ್ನು ಮರೆಯಬೇಡಿ. ಮಕ್ಕಳಿಗೆ, ಬಸುರಿಯರಿಗೆ, ಲಿವರ್ ತೊಂದರೆ ಇರುವವರಿಗೆ, ಕುಡಿತ ಬಿಟ್ಟವರಿಗೆ ಅದು ಸಲ್ಲದು.

ಎಷ್ಟು ದಿನ ತಗೋಬೇಕು?

ಹತ್ತು ದಿನ ದಾಟಬೇಡಿ. ಯುರೋಪಿನ ಔಷಧ ಸಂಸ್ಥೆ ಪರ್ಪ್ಯೂರಿಯಾ ರಸಕ್ಕೆ ಹಾಕಿರುವ ಮಿತಿ ಇದು. ನೆಗಡಿಯ ಮೊದಲ ಲಕ್ಷಣಕ್ಕೇ ಶುರು ಮಾಡಬೇಕು, ಮೂಗು ಕಟ್ಟಿ ನಾಲ್ಕು ದಿನ ಆದ ಮೇಲೆ ಶುರು ಮಾಡಿ ಪ್ರಯೋಜನ ಇಲ್ಲ. ಹತ್ತು ದಿನಕ್ಕೂ ಇಳಿಯಲಿಲ್ಲ ಅಂದರೆ ಅಥವಾ ನಡುವೆ ಜೋರು ಜ್ವರ, ಉಸಿರಾಟದ ತೊಂದರೆ ಬಂದರೆ ಡಾಕ್ಟರನ್ನು ನೋಡಿ. ಕೆಲವರಿಗೆ ಹೊಟ್ಟೆ ತೊಳಸುವುದು, ಹೊಟ್ಟೆನೋವು ಬರುತ್ತದೆ. ನಿಲ್ಲಿಸಿದರೆ ಹೋಗುತ್ತದೆ.

## ಯಾರು ಹುಷಾರಾಗಿರಬೇಕು

ಕಾಂಗ್ರೆಸ್ ಗಿಡ ಮುಟ್ಟಿದ್ರೆ ನನಗೆ ಮೈಯೆಲ್ಲಾ ತುರಿಕೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಈ ಪ್ರಶ್ನೆ ಕೇಳಿದವರು ಹೊಳಲ್ಕೆರೆ ಕಡೆಯ ಒಬ್ಬ ರೈತ ಮಹಿಳೆ. ಎಷ್ಟು ಒಳ್ಳೆಯ ಪ್ರಶ್ನೆ ಕೇಳಿದ್ದೇವೆ ಅಂತ ಅವರಿಗೇ ಗೊತ್ತಿರಲಿಲ್ಲ. ನಮ್ಮ ಜಿಲ್ಲೆಗಳ ಮಟ್ಟಿಗೆ ಎಕಿನೇಷಿಯಾದ ಬಗ್ಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದೇ ಅಂತ ನನ್ನ ಅಭಿಪ್ರಾಯ.

ಸಂಬಂಧ ಇದೆ. ಹೊಲದ ಬದು, ರಸ್ತೆ ಬದಿ, ಖಾಲಿ ಸೈಟು ಎಲ್ಲ ಕಡೆ ತುಂಬಿರುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಎಕಿನೇಷಿಯಾದ ಕುಟುಂಬದ್ದೇ. ಸೂರ್ಯಕಾಂತಿ, ಸೇವಂತಿಗೆ, ಚೆಂಡು ಹೂವೂ ಅಷ್ಟೇ. ಒಂದಕ್ಕೆ ಅಲರ್ಜಿ ಇದ್ದ ಮೈ ಇನ್ನೊಂದನ್ನೂ ಅದೇ ಶತ್ರು ಅಂತ ತಿಳಿದು ಎಗರಬಹುದು. ಎಲ್ಲರಿಗೂ ಆಗುತ್ತದೆ ಅಂತಲ್ಲ. ಆದರೆ ಆಗುವವರಿಗೆ ಸುಮ್ನೆ ತುರಿಕೆಗೆ ನಿಲ್ಲದೆ ಮುಖ ಊದುವುದು, ಉಬ್ಬಸ, ಅಪರೂಪಕ್ಕೆ ಜೀವಕ್ಕೇ ಕುತ್ತು ತರುವ ಅಲರ್ಜಿವರೆಗೂ ಹೋಗಬಹುದು. ಆಸ್ಟ್ರೇಲಿಯಾದಲ್ಲಿ ಹೀಗೆ ವರದಿಯಾದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಮೊದಲೇ ಅಲರ್ಜಿಯ ಮೈ ಇತ್ತು.

ಹಾಗಾಗಿ ನಾನು ಎಕಿನೇಷಿಯಾ ಕೊಡುವ ಮೊದಲು ಮೂರು ಮಾತು ಕೇಳುತ್ತೇನೆ. ಕಾಂಗ್ರೆಸ್ ಕೀಳುವಾಗ ತುರಿಕೆ ಆಗುತ್ತಾ? ಸೇವಂತಿಗೆ, ಚೆಂಡು ಹೂವಿನ ಕೊಯ್ಲಲ್ಲಿ ಸೀನು ಬರುತ್ತಾ? ಆಸ್ತಮಾ ಇದೆಯಾ? ಒಂದಕ್ಕೆ ‘ಹೌದು’ ಅಂದರೂ ಬೇಡ ಅನ್ನುತ್ತೇನೆ. ಆ ಮಹಿಳೆಗೂ ಅದನ್ನೇ ಹೇಳಿದೆ. ಆನ್‌ಲೈನ್‌ನಲ್ಲಿ ತರಿಸಿಕೊಂಡರೆ ಈ ಪ್ರಶ್ನೆ ಕೇಳುವವರು ಯಾರೂ ಇರುವುದಿಲ್ಲ. ನಿಮಗೆ ನೀವೇ ಕೇಳಿಕೊಳ್ಳಬೇಕು.

ಮಕ್ಕಳಿಗೆ ಸಿರಪ್ ಬರುತ್ತಲ್ಲ, ಕೊಡಬಹುದಾ?

12 ವರ್ಷದ ಒಳಗಿನವರಿಗೆ ಬೇಡ. ಬ್ರಿಟನ್ನಿನ ಔಷಧ ನಿಯಂತ್ರಕರು 2012ರಲ್ಲಿ ಇದೇ ಸಲಹೆ ಕೊಟ್ಟರು. ಅಲರ್ಜಿಯ ಅಪಾಯಕ್ಕೆ ಹೋಲಿಸಿದರೆ ಪ್ರಯೋಜನ ಸಾಲದು ಅನ್ನುವುದು ಕಾರಣ. ಅದಕ್ಕೂ ಮೊದಲು, 2003ರಲ್ಲಿ, 2ರಿಂದ 11 ವರ್ಷದ 407 ಮಕ್ಕಳ ಮೇಲೆ ನಡೆದ ಅಮೆರಿಕದ ಒಂದು ಪರೀಕ್ಷೆ ಪ್ರಕಟವಾಗಿತ್ತು. ನೆಗಡಿ ಬೇಗ ಹೋಗಲಿಲ್ಲ, ಚರ್ಮದ ಮೇಲೆ ಗುಳ್ಳೆ ಮಾತ್ರ ಜಾಸ್ತಿಯಾಯಿತು. ಔಷಧಿ ಕುಡಿದ ಸಲ ನೂರಕ್ಕೆ ಏಳರಲ್ಲಿ, ಖಾಲಿ ಸಿರಪ್ ಕುಡಿದಾಗ ಮೂರಕ್ಕಿಂತ ಕಡಿಮೆ.

ಅಂಗನವಾಡಿಗೆ ಹೋಗುವ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರುವುದು ಸಹಜ. ತಾಯಂದಿರ ಆತಂಕ ನನಗೆ ಅರ್ಥವಾಗುತ್ತದೆ, ನಾನೂ ಇಬ್ಬರನ್ನು ಬೆಳೆಸಿದವಳು. ಆದರೆ ಅದು ಶಕ್ತಿ ಕಡಿಮೆಯಾಗಿ ಬಂದದ್ದಲ್ಲ. ಮಗುವಿನ ಮೈ ಈಗ ಒಂದೊಂದೇ ವೈರಸ್ಸನ್ನು ಪರಿಚಯ ಮಾಡಿಕೊಳ್ಳುತ್ತಿದೆ.

ನಾನು ಬಸುರಿ. ಮಾತ್ರೆ ಬೇಡ ಅಂತ ಗಿಡಮೂಲಿಕೆ ತಗೊಳ್ತೀನಿ, ಪರವಾಗಿಲ್ವಾ?

‘ಗಿಡಮೂಲಿಕೆ, ಹಾಗಾಗಿ ಸುರಕ್ಷಿತ’ ಅನ್ನುವ ಲೆಕ್ಕ ಬಸುರಿನಲ್ಲಿ ನಡೆಯುವುದಿಲ್ಲ. ಕೆನಡಾದಲ್ಲಿ ಬಸುರಿನಲ್ಲಿ ಎಕಿನೇಷಿಯಾ ತೆಗೆದುಕೊಂಡ 206 ಹೆಂಗಸರನ್ನು ಗಮನಿಸಿ, ಮಗುವಿನ ಅಂಗದೋಷ ಜಾಸ್ತಿಯಾಗಲಿಲ್ಲ ಅಂತ 2000ದಲ್ಲಿ ವರದಿ ಮಾಡಿದರು. ಸಮಾಧಾನದ ಸುದ್ದಿಯೇ. ಆದರೆ 206 ಸಣ್ಣ ಸಂಖ್ಯೆ. ಗೊತ್ತಿಲ್ಲದೆ ತೆಗೆದುಕೊಂಡಿದ್ದರೆ ಗಾಬರಿ ಬೇಡ. ಹೊಸದಾಗಿ ಶುರು ಮಾಡುವುದೂ ಬೇಡ. ಹಾಲೂಡಿಸುವವರಿಗೂ ಇದೇ ಮಾತು. ಬಸುರಿನ ನೆಗಡಿಗೆ ಹಬೆ, ಉಪ್ಪುನೀರಿನ ಮೂಗಿನ ಹನಿ ಸಾಕು.

ಸಂಧಿವಾತಕ್ಕೆ ವಾರಕ್ಕೊಂದು ಮಾತ್ರೆ ತಗೊಳ್ತೀನಿ. ಜೊತೆಗೆ ಇದನ್ನೂ ತಗೊಳ್ಳಲಾ?

ವಾರಕ್ಕೊಂದು ದಿನದ ಆ ಮಾತ್ರೆ ಬಹುಶಃ ಮೆಥೊಟ್ರೆಕ್ಸೇಟ್. ಎಕಿನೇಷಿಯಾ ಬೇಡ. ನಿಮ್ಮ ಮಾತ್ರೆ ರೋಗ ನಿರೋಧಕ ಶಕ್ತಿಯನ್ನು ತಗ್ಗಿಸಿ ಕೀಲನ್ನು ಕಾಯುತ್ತಿದೆ. ಅದನ್ನೇ ಕೆರಳಿಸುವ ಉದ್ದೇಶದ ಇನ್ನೊಂದನ್ನು ಜೊತೆಗೆ ಹಾಕುವುದು ಎತ್ತನ್ನು ಗಾಡಿಯ ಎರಡೂ ತುದಿಗೆ ಕಟ್ಟಿದ ಹಾಗೆ.

ಲೂಪಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಥರದ, ರೋಗ ನಿರೋಧಕ ಶಕ್ತಿ ತನ್ನ ಮೈಯನ್ನೇ ಕೆಡಿಸುವ (ಆಟೋಇಮ್ಯೂನ್) ಕಾಯಿಲೆ ಇರುವವರು, ಎಚ್‌ಐವಿ ಇರುವವರು, ಬಿಳಿ ರಕ್ತಕಣದ ಕ್ಯಾನ್ಸರ್ ಇರುವವರು, ಕೀಮೋ ನಡೆಯುತ್ತಿರುವವರು ಇದನ್ನು ಮುಟ್ಟಬಾರದು. ಕಿಡ್ನಿ ಕಸಿ ಆದವರಂತೂ ಹತ್ತಿರವೂ ಸುಳಿಯಬೇಡಿ. ಕಸಿ ಮಾಡಿದ ಅಂಗವನ್ನು ಮೈ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್, ಸೈಕ್ಲೋಸ್ಪೋರಿನ್ ಮಾತ್ರೆಗಳ ಮೇಲೆ ನಿಮ್ಮ ಕಿಡ್ನಿ ನಿಂತಿದೆ.

ಬಿಪಿ, ಶುಗರ್ ಮಾತ್ರೆ ನಡೀತಾ ಇದೆ. ತೊಂದರೆ ಇಲ್ವಾ?

ಸಾಮಾನ್ಯ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಜೊತೆ ದೊಡ್ಡ ತೊಂದರೆ ಕಂಡಿಲ್ಲ. ಸಿರಪ್ಪಿನಲ್ಲಿ ಸಕ್ಕರೆ ಇರುತ್ತದೆ, ಅದನ್ನು ನೋಡಿ. ಲಿವರ್ ಔಷಧಿಗಳನ್ನು ಕರಗಿಸಲು ಬಳಸುವ ಕೆಲವು ಕಿಣ್ವಗಳನ್ನು ಎಕಿನೇಷಿಯಾ ಸ್ವಲ್ಪ ನಿಧಾನ ಮಾಡುತ್ತದೆ. ಕಾಫಿಯ ಕೆಫೀನ್ ಮೈಯಿಂದ ಹೋಗುವುದು ತಡವಾದದ್ದು ಪರೀಕ್ಷೆಯಲ್ಲಿ ಕಂಡಿದೆ. ಹಾಗಾಗಿ ಸಂಜೆ ಕಾಫಿ ಕುಡಿದು ನಿದ್ದೆ ಬರಲಿಲ್ಲ ಅನ್ನಬಹುದು. ಅದೇ ದಾರಿಯಲ್ಲಿ ಕರಗುವ ಥಿಯೋಫಿಲಿನ್ ಅಂಶ ಇರುವ ಉಬ್ಬಸದ ಮಾತ್ರೆಯವರು ಎಚ್ಚರ. ರಕ್ತ ತೆಳು ಮಾಡುವ ವಾರ್ಫರಿನ್, ಫಿಟ್ಸ್ ಮಾತ್ರೆ, ಮಾನಸಿಕ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ, ಅರಿವಳಿಕೆ ಕೊಡುವ ಡಾಕ್ಟರಿಗೂ ಹೇಳಿ.

ಕೆಮ್ಮು ಹೋಗ್ತಾನೇ ಇಲ್ಲ. ಇನ್ನೊಂದು ಬಾಟಲಿ ಕೊಡಿ.

ಇದು ಪ್ರಶ್ನೆ ಅಲ್ಲ, ಆದರೂ ಇಲ್ಲಿ ಬರೆಯಲೇಬೇಕು. ಕೆಲವು ವರ್ಷದ ಹಿಂದೆ ಚನ್ನಗಿರಿ ಕಡೆಯ ಅಡಿಕೆ ತೋಟದ ಒಬ್ಬ ಅಣ್ಣ ಬಂದು ಇದೇ ಮಾತು ಹೇಳಿದರು. ಅಂಗಡಿ ತುಂಬಾ ಜನ. ಕೊಟ್ಟು ಕಳಿಸಿದೆ. ಮೂರನೇ ಸಲ ಬಂದಾಗ ಮುಖ ಇಳಿದಿತ್ತು, ಷರ್ಟು ಸಡಿಲವಾಗಿತ್ತು. ಎಷ್ಟು ದಿನದಿಂದ ಅಂತ ಆಗ ಕೇಳಿದೆ. ಐದು ವಾರ ಅಂದರು. ಕಫ ಪರೀಕ್ಷೆಗೆ ಕಳಿಸಿದೆ. ಟಿಬಿ. ಆರು ತಿಂಗಳು ಔಷಧಿ ತೆಗೆದುಕೊಂಡು ಗುಣವಾದರು, ಈಗಲೂ ಅಂಗಡಿಗೆ ಬರುತ್ತಾರೆ. ಆದರೆ ಆ ಐದು ವಾರ ಅವರ ಮನೆಯಲ್ಲಿ ಮೊಮ್ಮಗು ಅವರ ಪಕ್ಕದಲ್ಲೇ ಮಲಗುತ್ತಿತ್ತು. ಎರಡನೇ ಬಾಟಲಿ ಕೊಡುವಾಗಲೇ ನಾನು ಕೇಳಬೇಕಿತ್ತು.

ಎಕಿನೇಷಿಯಾ ಅವರಿಗೆ ವಿಷವಾಗಲಿಲ್ಲ. ದಿನ ತಿಂದಿತು. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ ಇದ್ದರೆ ಮೊದಲು ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಪುಕ್ಕಟೆ, ಔಷಧಿಯೂ ಪುಕ್ಕಟೆ. ಟಿಬಿ ಇದ್ದವರಿಗೆ ಎಕಿನೇಷಿಯಾ ಕೊಡಬಾರದು ಅಂತ ಯುರೋಪಿನ ಔಷಧಿಗಳ ಮಾಹಿತಿ ಚೀಟಿಯಲ್ಲೂ ಇದೆ.

## ಇನ್ನೂ ಸ್ವಲ್ಪ ಆಳಕ್ಕೆ

ಇದಕ್ಕಿಂತ ನಮ್ಮ ಅಮೃತಬಳ್ಳೀನೇ ಒಳ್ಳೇದು ಅಲ್ವಾ? ಹಿತ್ತಲಲ್ಲೇ ಇದೆ.

ನಮ್ಮ ಅಜ್ಜಿಯೂ ಅಮೃತಬಳ್ಳಿ ಕಷಾಯ ಕೊಡುತ್ತಿದ್ದರು. ಜ್ವರ ಬಂದಾಗ, ಎರಡು ಮೂರು ದಿನ, ಒಂದು ಸಣ್ಣ ಲೋಟ. ಕೋವಿಡ್ ಕಾಲದಲ್ಲಿ ನಾವು ಮಾಡಿದ್ದು ಬೇರೆ. ತಿಂಗಳುಗಟ್ಟಲೆ ದಿನಾ ಕುಡಿದೆವು. ಮುಂಬೈನಲ್ಲಿ 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಹೀಗೆ ಕುಡಿದ ಆರು ಜನರಿಗೆ ಲಿವರ್ ಕೆಟ್ಟದ್ದನ್ನು ವೈದ್ಯರು ವರದಿ ಮಾಡಿದರು. ಆಮೇಲೆ ದೇಶದ 13 ಆಸ್ಪತ್ರೆಗಳಿಂದ 43 ರೋಗಿಗಳ ವರದಿ ಬಂತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯಂತೆಯೇ ಕಾಣುವ ಇನ್ನೊಂದು ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದು ಎಂದಿತು.

ವಾದ ಏನೇ ಇರಲಿ, ಲಿವರ್ ತೊಂದರೆ, ಥೈರಾಯ್ಡ್ ಅಥವಾ ಸಂಧಿವಾತದಂಥ ಆಟೋಇಮ್ಯೂನ್ ಕಾಯಿಲೆ ಇರುವವರು ಅಮೃತಬಳ್ಳಿಯನ್ನೂ ದಿನಾ ಕುಡಿಯಬೇಡಿ. ಕಣ್ಣು, ಮೂತ್ರ ಹಳದಿಯಾದರೆ ಆ ದಿನವೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಹಿತ್ತಲಿನದು, ಹೊರದೇಶದ್ದು ಅನ್ನುವುದರ ಮೇಲೆ ಸುರಕ್ಷತೆ ನಿಂತಿಲ್ಲ. ಎಷ್ಟು, ಎಷ್ಟು ದಿನ, ಯಾರ ಮೈಗೆ ಅನ್ನುವುದರ ಮೇಲೆ ನಿಂತಿದೆ.

ಆನ್‌ಲೈನ್‌ನಲ್ಲಿ ಅರ್ಧ ರೇಟಿಗೆ ಸಿಗುತ್ತೆ. ಅಸಲಿ ಅಂತ ಹೇಗೆ ಗೊತ್ತಾಗುತ್ತೆ?

ಲೇಬಲ್ ಓದಿ. ಯಾವ ಜಾತಿ, ಬೇರೋ ಎಲೆಯೋ, ಒಂದು ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಸಾರ, ಬ್ಯಾಚ್ ನಂಬರ್, ತಯಾರಿಸಿದ ದಿನ, ಲೈಸೆನ್ಸ್ ನಂಬರ್ ಇರಬೇಕು. ಆಹಾರ ಪೂರಕವಾಗಿ ಮಾರಿದರೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುತ್ತದೆ. ‘ಎಕಿನೇಷಿಯಾ ಬ್ಲೆಂಡ್’ ಅಂತ ಮಾತ್ರ ಬರೆದು ಹತ್ತು ಮೂಲಿಕೆ ಸೇರಿಸಿದ್ದರೆ ಬಿಟ್ಟುಬಿಡಿ.

ಒಂದು ವಿಷಯ ಓದಿದಾಗ ನನಗೇ ಮೈ ಜುಮ್ಮೆಂದಿತು. ಅಮೆರಿಕದಲ್ಲಿ ಎಕಿನೇಷಿಯಾ ಬೇರಿಗೆ ಹಿಂದಿನಿಂದ ಬೆರೆಸುತ್ತಿದ್ದ ಗಿಡ ಯಾವುದು ಗೊತ್ತಾ? ಪಾರ್ಥೇನಿಯಂ ಇಂಟಿಗ್ರಿಫೋಲಿಯಂ. ನಮ್ಮ ಕಾಂಗ್ರೆಸ್ ಗಿಡದ ಅಮೆರಿಕದ ದಾಯಾದಿ. ಕಾಂಗ್ರೆಸ್ ತುರಿಕೆ ಇರುವವರು ಅಗ್ಗದ ಡಬ್ಬಿಯಿಂದ ದೂರ ಇರಲು ಇದೂ ಒಂದು ಕಾರಣ.

ಹೊಲದಲ್ಲಿ ಬೆಳೆದು ನಾವೇ ಔಷಧಿ ಮಾಡ್ಕೋಬಹುದಾ? ಬೀಜ ಸಿಗುತ್ತೆ ಅಂತಾರೆ.

ಹೂವಿಗಾಗಿ ಬೆಳೆಯಬಹುದು. ಪರ್ಪ್ಯೂರಿಯಾ ಬಿಸಿಲು ಬಯಸುವ ಗಿಡ, ಬೇರು ಹಿಡಿದ ಮೇಲೆ ಸ್ವಲ್ಪ ಬರವನ್ನೂ ತಾಳುತ್ತದೆ. ನೀರು ನಿಲ್ಲುವ ಎರೆ ಮಣ್ಣಿನಲ್ಲಿ ಬೇರು ಕೊಳೆಯುತ್ತದೆ, ನೀರು ಬಸಿದುಹೋಗುವ ಕೆಂಪು ಮಣ್ಣು ವಾಸಿ. ಬೀಜ ಚಳಿ ಕಂಡರೆ ಚೆನ್ನಾಗಿ ಮೊಳೆಯುತ್ತದೆ. ಅದಕ್ಕೇ ಕೈತೋಟದವರು ಒದ್ದೆ ಮರಳಲ್ಲಿ ಬೆರೆಸಿ ಕೆಲವು ವಾರ ಫ್ರಿಜ್‌ನಲ್ಲಿಟ್ಟು ಬಿತ್ತುತ್ತಾರೆ.

ಮನೆಯಲ್ಲಿ ಔಷಧಿ ಮಾಡುವುದು ಮಾತ್ರ ಬೇಡ. ಒಂದು ಹಿಡಿ ಎಲೆಯಲ್ಲಿ ಎಷ್ಟು ಅಂಶ ಇದೆ ಅಂತ ಅಳೆಯಲು ನಮ್ಮ ಹತ್ತಿರ ಏನೂ ಇಲ್ಲ. ಬೆಳೆಯಾಗಿ ಹಾಕಲು ಹೊರಟವರು ಮೊದಲು ಕೊಳ್ಳುವ ಕಂಪನಿಯಿಂದ ಕಾಗದದ ಮೇಲೆ ಒಪ್ಪಂದ ಮಾಡಿಸಿಕೊಳ್ಳಿ. ಬೇರು ಕೀಳುವ ಹೊತ್ತಿಗೆ ಸಾಮಾನ್ಯವಾಗಿ ಮೂರು ವರ್ಷ ಆಗುತ್ತದೆ. ಅಷ್ಟು ದಿನ ಹೊಲ ಕಾದು, ಆಮೇಲೆ ಕೇಳುವವರಿಲ್ಲ ಅಂದರೆ ಕಷ್ಟ. ಮತ್ತೆ, ಕಳೆ ತೆಗೆಯಲು ಬರುವ ಆಳುಗಳಲ್ಲಿ ಕಾಂಗ್ರೆಸ್ ತುರಿಕೆ ಯಾರಿಗಿದೆ ಅಂತ ಕೇಳಿ, ಅವರನ್ನು ಆ ಸಾಲಿಗೆ ಕಳಿಸಬೇಡಿ.